ದಾವಣಗೆರೆಯಿಂದ ಟ್ಯೂಬಿಂಗೆನ್‌ಗೆ: ಬೇಸಿಗೆ ಕೋರ್ಸಿಗೆ ಹೊರಟವರಿಗೆ

ಕೋರ್ಸು ನಾಲ್ಕೇ ವಾರದ್ದು. ತಯಾರಿ ಮಾತ್ರ ಆರು ತಿಂಗಳಿನದು. ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಆಗಸ್ಟ್ ತಿಂಗಳ ಜರ್ಮನ್ ಭಾಷಾ ಕೋರ್ಸಿಗೆ ಅಕ್ಕನ ಮಗಳು ಹೊರಟಾಗ ಮನೆಯವರಿಗೆಲ್ಲ ವಿಮಾನದ್ದೇ ಚಿಂತೆ. ನಿಜ ಹೇಳಬೇಕೆಂದರೆ ವಿಮಾನದಲ್ಲಿ ನಮಗೇನೂ ಕೆಲಸ ಇಲ್ಲ, ಸುಮ್ನೆ ಕೂತರಾಯ್ತು. ಎಡವಟ್ಟಾಗುವುದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಜಾಗದಲ್ಲಿ.

ಮೊದಲು ಹೆಸರು

ಮೊದಲ ಎಡವಟ್ಟು ಮನೆಯಲ್ಲೇ ಶುರು. ನಮ್ಮ ಕಡೆ ಹೆಸರಿನ ಹಿಂದೆ ಎರಡು ಇನಿಷಿಯಲ್ ಇರುತ್ತವೆ, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಅದು ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಕಾಲಂ ಬಂದಾಗ ಎಷ್ಟೋ ಜನ ಖಾಲಿ ಬಿಡುತ್ತಾರೆ. ಪಾಸ್‌ಪೋರ್ಟ್ ಬರುತ್ತದೆ, ಆದರೆ ಟಿಕೆಟ್ ಬುಕ್ ಮಾಡುವ ವೆಬ್‌ಸೈಟ್ ಸರ್‌ನೇಮ್ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ. ಒಂದೊಂದು ವಿಮಾನ ಕಂಪನಿಯದು ಒಂದೊಂದು ಪದ್ಧತಿ. ಕೆಲವರು ಅದೇ ಹೆಸರನ್ನು ಎರಡು ಸಲ ಹಾಕಿ ಎನ್ನುತ್ತಾರೆ. ಹಣ ಕಟ್ಟುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನಮ್ಮ ಹುಡುಗಿಯ ಟಿಕೆಟ್ಟಿನಲ್ಲಿ ಏಜೆಂಟ್ ಬರೀ ‘ಎಚ್’ ಎಂದು ಹಾಕಿಬಿಟ್ಟಿದ್ದ. ರದ್ದು ಮಾಡಿ ಮತ್ತೆ ತೆಗೆಸಿದ್ದಕ್ಕೆ ಆರು ಸಾವಿರ ಹೋಯಿತು.

ಪಾಸ್‌ಪೋರ್ಟ್ ಇಲ್ಲದವರು ಬೆಂಗಳೂರಿಗೇ ಓಡಬೇಕಾಗಿಲ್ಲ. ಹಲವು ಜಿಲ್ಲೆಗಳಲ್ಲಿ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ.

ಆಮೇಲೆ ವೀಸಾ

90 ದಿನದೊಳಗಿನ ಕೋರ್ಸಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಸಾಕು. ಹೊರಡುವ ದಿನಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಆಗಸ್ಟ್‌ಗೆ ಹೋಗುವವರು ಫೆಬ್ರುವರಿ, ಮಾರ್ಚ್‌ನಲ್ಲೇ ಮುಗಿಸಿಕೊಳ್ಳಿ. ಏಪ್ರಿಲ್ ಬಂತೆಂದರೆ ರಜೆಗೆ ಯುರೋಪ್ ನೋಡಲು ಹೊರಟವರ ನೂಕುನುಗ್ಗಲು, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಸಾಮಾನ್ಯವಾಗಿ 15 ದಿನದಲ್ಲಿ ಉತ್ತರ ಬರುತ್ತದೆ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. 2024ರ ಜೂನ್‌ನಿಂದ ಶುಲ್ಕ 90 ಯೂರೊ.

ಕೋರ್ಸಿನ ಪತ್ರ, ಶುಲ್ಕದ ರಸೀತಿ, ಉಳಿಯುವ ಜಾಗದ ಪುರಾವೆ, ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ, ಇವಿಷ್ಟು ಬೇಕೇ ಬೇಕು. ಕಾಲೇಜಿನ ಅನುಮತಿ ಪತ್ರವನ್ನೂ ಮರೆಯಬೇಡಿ. ಅವರ ಬೇಸಿಗೆ ಅಂದರೆ ನಮ್ಮ ಮಳೆಗಾಲ ಅಲ್ವಾ? ಇಲ್ಲಿ ಕ್ಲಾಸು ನಡೆಯುತ್ತಿರುತ್ತದೆ, ಹಾಜರಾತಿಯ ತಕರಾರು ಬಂದೇ ಬರುತ್ತದೆ.

ಬ್ಯಾಗು ಮತ್ತು ಅಮ್ಮ

ಚೆಕ್-ಇನ್ ಬ್ಯಾಗಿಗೆ ಸಾಮಾನ್ಯವಾಗಿ 23 ಕಿಲೊ ಮಿತಿ, ನಿಮ್ಮ ಟಿಕೆಟ್ ನೋಡಿಕೊಳ್ಳಿ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿನಿಂದ ಯುರೋಪಿಗೆ ತರುವಂತಿಲ್ಲ. ಹಾಗಾಗಿ ತುಪ್ಪದ ಡಬ್ಬಿ, ಪೇಡಾ ಬೇಡ. ಹಸಿ ಕರಿಬೇವೂ ಬೇಡ. ಒಣಕೊಬ್ಬರಿ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿನಲ್ಲಿದೆ, ವಿಮಾನದಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಮನೆಯಲ್ಲೇ ತೂಕ ನೋಡಿ. ನಾವು ನೋಡಿರಲಿಲ್ಲ. ಕೌಂಟರ್ ಮುಂದೆ 25.4 ಎಂದು ಬಂತು. ನೆಲದ ಮೇಲೆ ಬ್ಯಾಗ್ ಬಿಚ್ಚಿ ಕೂತೆವು. ಅಕ್ಕ ಒಂದೊಂದೇ ಪೊಟ್ಟಣ ಎತ್ತಿ ಕೈಯಲ್ಲೇ ತೂಗುತ್ತಿದ್ದಳು. ಒಂದು ಜೊತೆ ಶೂ, ಒಂದು ದಪ್ಪ ಪುಸ್ತಕ ಆಚೆ ಬಂದವು. ಅವಲಕ್ಕಿ, ಶೇಂಗಾ ಚಟ್ನಿಪುಡಿ ಒಳಗೇ ಉಳಿದವು.

ಹೊರಡುವ ರಾತ್ರಿ

ಬೆಂಗಳೂರಿನಿಂದ ಯುರೋಪಿನ ಕಡೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟ್ಟಿನಲ್ಲಿ ‘ಆಗಸ್ಟ್ 3, 2:30’ ಎಂದಿದ್ದರೆ 2ನೇ ತಾರೀಖು ರಾತ್ರಿಯೇ ವಿಮಾನ ನಿಲ್ದಾಣದಲ್ಲಿರಬೇಕು. ಪಂಚಾಂಗದ ಲೆಕ್ಕದಲ್ಲಿ ಸೂರ್ಯ ಹುಟ್ಟಿದ ಮೇಲೆ ದಿನ ಬದಲಾಗುತ್ತದೆ, ವಿಮಾನದವರಿಗೆ 12 ಹೊಡೆದರೆ ಬದಲಾಯಿತು. ಅಜ್ಜ 3ನೇ ತಾರೀಖಿಗೆ ಒಳ್ಳೆ ಗಳಿಗೆ ನೋಡಿಟ್ಟಿದ್ದರು. ಅವರನ್ನು ಒಪ್ಪಿಸುವುದೇ ವೀಸಾಕ್ಕಿಂತ ಕಷ್ಟವಾಯಿತು.

ದಾವಣಗೆರೆಯಿಂದ ಬರುವವರು ಮಧ್ಯಾಹ್ನವೇ ಬೆಂಗಳೂರು ಮುಟ್ಟಿಬಿಡಿ. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ ಇದೆ. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳು ಟರ್ಮಿನಲ್ 2ರಲ್ಲಿ, ಟ್ಯಾಕ್ಸಿಯವರಿಗೆ ಮೊದಲೇ ಹೇಳಿ. ದುಬೈ, ದೋಹಾ ಮೂಲಕ ಹೋಗುವುದಾದರೆ ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನ ಹತ್ತಿಸುವುದು ವಿಮಾನ ಕಂಪನಿಯ ಜವಾಬ್ದಾರಿ. ಅಗ್ಗಕ್ಕೆ ಬೇರೆ ಬೇರೆ ತೆಗೆದರೆ ನಿಮ್ಮ ತಲೆನೋವು.

ಇಳಿದ ಮೇಲೆ

ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕೆ ಹಾಕಿ. ಎಲ್ಲಿಗೆ, ಎಷ್ಟು ದಿನ, ಎಂದು ಅಧಿಕಾರಿ ಕೇಳುತ್ತಾರೆ. ಕಾಗದಪತ್ರ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗ್ ಸಿಗುವುದು ಆಮೇಲೆ. ಬೆರಳಚ್ಚು, ಮುಖದ ಫೋಟೊ ತೆಗೆದುಕೊಳ್ಳುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಶುರುವಾಗಿದೆ. ಸಾಲು ಉದ್ದ ಇರಬಹುದು.

ಆದ್ದರಿಂದಲೇ ರೈಲಿನ ಟಿಕೆಟ್ ವಿಷಯದಲ್ಲಿ ಜಿಪುಣತನ ಬೇಡ. ‘ಸ್ಪಾರ್‌ಪ್ರೈಸ್’ ಅಗ್ಗ, ಆದರೆ ಬರೆದ ರೈಲಿಗೆ ಮಾತ್ರ. ‘ಫ್ಲೆಕ್ಸ್‌ಪ್ರೈಸ್’ ಆದರೆ ಆ ದಿನದ ಯಾವ ರೈಲನ್ನೂ ಹತ್ತಬಹುದು. ವಿಮಾನ ನಿಲ್ದಾಣದಲ್ಲಿ ‘ಫೆರ್ನ್‌ಬಾನ್‌ಹೋಫ್’ ಎಂಬ ಬೋರ್ಡ್ ಹಿಡಿದು ನಡೆದರೆ ದೂರದ ರೈಲುಗಳು ಸಿಗುತ್ತವೆ. ಸ್ಟುಟ್‌ಗಾರ್ಟ್‌ಗೆ ಒಂದೂಕಾಲು ಗಂಟೆ. ಅಲ್ಲಿ ಇಳಿದು ಟ್ಯೂಬಿಂಗೆನ್‌ನ ಸಣ್ಣ ರೈಲು ಹಿಡಿಯಬೇಕು, ಒಂದು ಗಂಟೆಯೊಳಗಿನ ದಾರಿ. ಸ್ಟುಟ್‌ಗಾರ್ಟ್ ನಿಲ್ದಾಣದ ಕಾಮಗಾರಿ 2010ರಲ್ಲೇ ಶುರುವಾಗಿದ್ದು. ಬೆಂಗಳೂರಿನವರಿಗೆ ಹೊಸದೇನಲ್ಲ ಬಿಡಿ. ಬ್ಯಾಗ್ ಎಳೆದುಕೊಂಡು ನಡೆಯಲು ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ.

ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಂಡ್ ಕಿಟೆಲ್ ತೀರಿಕೊಂಡದ್ದೂ ಇದೇ ಊರಿನಲ್ಲಿ, 1903ರಲ್ಲಿ.

ಒಂದು ಮಾತು ಯಾರೂ ಹೇಳಿರಲಿಲ್ಲ: ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣದ ಅಂಗಡಿಗಳಂಥ ಕೆಲವಷ್ಟೇ ತೆರೆದಿರುವುದು. ನಮ್ಮ ಹುಡುಗಿ ಶನಿವಾರ ರಾತ್ರಿ ಹಾಸ್ಟೆಲ್ ಮುಟ್ಟಿದಳು. ಕೆಟಲ್ಲಿನ ನಮ್ಮ ಪ್ಲಗ್ಗಿನ ಪಿನ್ನು ಅಲ್ಲಿನ ಸಾಕೆಟ್ಟಿಗೆ ಹೊಂದಲಿಲ್ಲ, ಅಡಾಪ್ಟರ್ ಕೊಳ್ಳೋಣವೆಂದರೆ ಸೋಮವಾರದವರೆಗೆ ಅಂಗಡಿಯಿಲ್ಲ. ನಲ್ಲಿ ನೀರು ಕುಡಿಯಬಹುದು, ಅದೊಂದು ಪುಣ್ಯ. ಅದೇ ನೀರಲ್ಲಿ ಅವಲಕ್ಕಿ ನೆನೆಸಿ, ಚಟ್ನಿಪುಡಿ ಕಲಸಿಕೊಂಡು, ‘ತಲುಪಿದೆ’ ಎಂದು ವಿಡಿಯೊ ಕಾಲ್ ಮಾಡಿದಳು.