ಅಳುವಾಗ ಅಲ್ಲ, ಅಳು ಇಲ್ಲದಾಗ ಹೇಳಿಕೊಡಬೇಕಿತ್ತು

ಎರಡನೇ ತರಗತಿಗೆ ಪಾಠ ಮಾಡಿದ ಮೊದಲ ವರ್ಷ ದಿನಕ್ಕೆ ಎಷ್ಟು ಸಲ "ಸುಮ್ನಿರು" ಅಂದಿದ್ದೇನೋ ಲೆಕ್ಕವಿಲ್ಲ. ಸುಮ್ಮನಿರೋದು ಹೇಗೆ ಅಂತ ಮಾತ್ರ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ.

ಒಬ್ಬ ಹುಡುಗನಿದ್ದ. ಒಂದಕ್ಷರ ಸೊಟ್ಟಗಾದರೂ ಸಾಕು, ಹಾಳೆ ಹರಿದು ಉಂಡೆ ಮಾಡಿ ಎಸೆಯುತ್ತಿದ್ದ. ನಾನು ಪಕ್ಕಕ್ಕೆ ಹೋಗಿ "ಉಸಿರು ಎಳ್ಕೋ, ನಿಧಾನ" ಅಂದರೆ ಅಳು ಇನ್ನೂ ಜಾಸ್ತಿ. ಅಷ್ಟು ಸಿಟ್ಟಿನಲ್ಲಿ ಹೊಸದೇನನ್ನಾದರೂ ಕಲಿಯೋಕೆ ನನಗೇ ಆಗಲ್ಲ, ಅವನಿಗೆ ಏಳು ವರ್ಷ. ಮನಸ್ಸಿಗೆ ಬ್ರೇಕ್ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯಲು ಸುಮಾರು 25 ವರ್ಷ ಬೇಕು.

ಹಾಗಾಗಿ ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ತಂದೆ. ಎಲ್ಲರೂ ಖುಷಿಯಾಗಿರುವಾಗ, ಐದೇ ನಿಮಿಷ. ನಾನು "ತಲೆ" ಅಂದರೆ ಪಾದ ಮುಟ್ಟಬೇಕು, "ಪಾದ" ಅಂದರೆ ತಲೆ. ಕೈ ತಾನಾಗಿ ತಲೆಯತ್ತ ಹೋಗುತ್ತದೆ, ಅರ್ಧದಲ್ಲಿ ತಡೆದು ಕೆಳಗಿಳಿಸಬೇಕು. ಆ ತಡೆಯುವ ಕ್ಷಣವೇ ನನಗೆ ಬೇಕಾಗಿದ್ದು. ಆಮೇಲೆ ತೋರುಬೆರಳೇ ಮೇಣದಬತ್ತಿ. ಜ್ವಾಲೆ ಅಲುಗಬೇಕು, ಆರಬಾರದು, ಹಾಗೆ ಊದಬೇಕು. ಉಸಿರು ಉದ್ದಕ್ಕೆ ಹೊರಹೋದರೆ ಎದೆಬಡಿತ ಇಳಿಯುತ್ತದೆ. ಇದನ್ನು ಮಕ್ಕಳಿಗೆ ವಿವರಿಸುವ ಗೋಜಿಗೆ ಹೋಗಲಿಲ್ಲ.

ಬೋರ್ಡ್ ಮೇಲೆ ಬೇಕಂತಲೇ ತಪ್ಪು ಬರೆಯುತ್ತಿದ್ದೆ. "ಅಯ್ಯೋ, ತಪ್ಪಾಯ್ತು. ಸಿಟ್ಟು ಬರ್ತಿದೆ. ಒಂದ್ಸಲ ಊದ್ತೀನಿ. ಈಗ ಒರೆಸಿ ಬರೀತೀನಿ." ಮಕ್ಕಳು ಮೊದಲು ಗಟ್ಟಿಯಾಗಿ ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಆ ಮಾತು ನಿಧಾನಕ್ಕೆ ಒಳಗಿಳಿಯುತ್ತದೆ ಅಂತ ಮನೋವಿಜ್ಞಾನಿ ವೈಗೋಟ್ಸ್ಕಿ ಹೇಳಿದ್ದು ಇದನ್ನೇ. ಅಂದಿನಿಂದ ಲೆಕ್ಕ ಮಾಡುವಾಗ ಗೊಣಗುವ ಮಕ್ಕಳನ್ನು ಗದರಿಸುವುದು ಬಿಟ್ಟೆ.

ಎಡವಿದ್ದೂ ಇದೆ. ತರಗತಿಯಲ್ಲಿ ಒಂದು "ತಣ್ಣನೆ ಮೂಲೆ" ಮಾಡಿ ಚಾಪೆ, ದಿಂಬು ಇಟ್ಟೆ. ಗಲಾಟೆಯಾದಾಗಲೆಲ್ಲ ನಾನೇ "ಹೋಗು ಅಲ್ಲಿಗೆ" ಅನ್ನತೊಡಗಿದೆ. ಎರಡೇ ವಾರದಲ್ಲಿ ಅದು ಶಿಕ್ಷೆಯ ಮೂಲೆ! ತೆಗೆದುಹಾಕಿದೆ. ತಿಂಗಳ ನಂತರ ಮತ್ತೆ ಹಾಕಿದಾಗ ಒಂದೇ ನಿಯಮ: ಯಾರನ್ನೂ ಕಳಿಸುವಂತಿಲ್ಲ, ಬೇಕಾದವರು ತಾವೇ ಹೋಗಬೇಕು. ಚೆನ್ನಾಗಿ ನಡೆದುಕೊಂಡವರಿಗೆ ನಕ್ಷತ್ರ ಕೊಡುವ ಚಾರ್ಟ್ ಕೂಡ ಹಾಕಿದ್ದೆ. ಅದರಿಂದ ಜಗಳ ಹೆಚ್ಚಾಯಿತಷ್ಟೇ.

ಇನ್ನೊಂದು ಪಾಠ ಹಳೆಯ ಮಾರ್ಷ್‌ಮ್ಯಾಲೋ (ಮೆತ್ತನೆಯ ಮಿಠಾಯಿ) ಪ್ರಯೋಗದ್ದು. ಈಗ ಒಂದು ಬೇಕಾ, ಕಾದು ಎರಡು ತಗೊಳ್ತೀಯಾ ಅಂತ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳನ್ನು ಕೇಳಿದ್ದರಲ್ಲ, ಅದು. ತಿಂಡಿ ಕಣ್ಣೆದುರು ಇಲ್ಲದಿದ್ದಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ಹಾಗಾದರೆ ಬಣ್ಣದ ಪೆಟ್ಟಿಗೆ ಮೇಜಿನ ಮೇಲಿಟ್ಟು "ಮುಟ್ಟಬೇಡಿ" ಅನ್ನೋದು ಯಾಕೆ, ಅಲ್ವಾ? ಪೆಟ್ಟಿಗೆ ಕಪಾಟು ಸೇರಿತು. ಆ ಹುಡುಗನಿಗೆ ರಫ್ ಹಾಳೆಗಳ ಕಟ್ಟು ಕೊಟ್ಟೆ. ಅಲ್ಲಿ ಎಷ್ಟು ಸೊಟ್ಟಗಾದರೂ ಪರವಾಗಿಲ್ಲ.

ಐದನೇ ತಿಂಗಳಲ್ಲಿ ಒಂದು ದಿನ ಅವನು ಹಾಳೆಯ ಮೂಲೆ ಮುದುಡಿದ. ನಿಂತ. ಬೆರಳು ಎತ್ತಿ ಊದಿ, ಅಕ್ಷರಕ್ಕೆ ಗೀಟು ಹಾಕಿ ಮುಂದೆ ಬರೆದ. ಮರುದಿನ ಮತ್ತೆ ಹರಿದ. ಈ ಸಲ ಎಸೆಯಲಿಲ್ಲ. ಚೂರುಗಳನ್ನು ತಂದು ನನ್ನ ಕೈಗಿಟ್ಟು, "ಮಿಸ್, ಊದೋದು ಮರೆತುಹೋಯ್ತು" ಅಂದ.