ಗಾಡಿ ಹೊರಡುವ ಮೊದಲೇ ಇಸಿಜಿ

ಎದೆನೋವು ಅಂದಕೂಡಲೇ ರೋಗಿಯನ್ನು ಎತ್ತಿ ಹಾಕಿಕೊಂಡು ಓಡಿಸಿ ಅಂತ ಮನೆಯವರು ಒತ್ತಾಯ ಮಾಡುತ್ತಾರೆ. ಆಂಬುಲೆನ್ಸಿನವರಾದ ನಾವು ಮೊದಲು ಇಸಿಜಿ (ಹೃದಯದ ಬಡಿತವನ್ನು ಕಾಗದದ ಪಟ್ಟಿಯ ಮೇಲೆ ಗೆರೆಯಾಗಿ ಮೂಡಿಸುವ ಪರೀಕ್ಷೆ) ತೆಗೆಯುತ್ತೇವೆ, ಮನೆಯಲ್ಲೇ ಅಥವಾ ನಿಂತ ಆಂಬುಲೆನ್ಸಿನಲ್ಲಿ. ಅದರ ಫೋಟೋವನ್ನು ಫೋನಿನಲ್ಲಿ ಡಾಕ್ಟರಿಗೆ ಕಳಿಸಿ, ಏನು ಮಾಡಬೇಕೆಂದು ಕೇಳುತ್ತೇವೆ. ರೋಗಿಯ ಹತ್ತಿರ ಹೋದ 10 ನಿಮಿಷದೊಳಗೆ ಪಟ್ಟಿ ಕೈಯಲ್ಲಿರಬೇಕು. ಓಡುವ ಗಾಡಿಯಲ್ಲಿ ತೆಗೆದರೆ ಗೆರೆ ಕುಣಿಯುತ್ತದೆ. ಎಸ್‌ಟಿ (ಪ್ರತಿ ಬಡಿತದ ಗೆರೆಯ ಒಂದು ಭಾಗ; ಅದು ಮೇಲೆದ್ದರೆ ಹೃದಯಾಘಾತದ ಗುರುತು) ಎದ್ದಿದೆಯೋ ಇಲ್ಲವೋ ಆ ಕಡೆಯ ಡಾಕ್ಟರಿಗೆ ಗೊತ್ತಾಗದೆ "ಇನ್ನೊಂದ್ಸಲ ಕಳಿಸಿ" ಅನ್ನುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. ಮೂಡಿಗೆರೆ ಕಡೆಯಿಂದ ಚಾರ್ಮಾಡಿ ಘಾಟಿ ಇಳಿಯುವುದಾದರೆ ಕೊಟ್ಟಿಗೆಹಾರ ಮುಟ್ಟುವ ಮೊದಲೇ ಉತ್ತರ ಬಂದಿರಬೇಕು.

ಎದೆ ಬೆವರಿಗೆ ಒದ್ದೆಯಾಗಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಕೂದಲು ದಟ್ಟವಿದ್ದರೆ ರೇಜರ್ ಆಡಿಸಿ, ಆಮೇಲೆ ಜೆಲ್ ಹಚ್ಚಿ. ಎದೆಗೆ ಹಾಕುವ ವೈರುಗಳಲ್ಲಿ ವಿ1, ವಿ2 ಎರಡನ್ನೂ ಮೇಲಕ್ಕೆ ಹಾಕಿಬಿಡುವುದು ತೀರಾ ಸಾಮಾನ್ಯ ತಪ್ಪು. ಗಂಟಲ ಗುಳಿಯಿಂದ ಬೆರಳು ಇಳಿಸುತ್ತಾ ಬಂದರೆ ಎದೆಮೂಳೆಯ ಮೇಲೆ ಅಡ್ಡ ಉಬ್ಬೊಂದು ಸಿಗುತ್ತದೆ. ಅದರ ನೇರಕ್ಕೆ ಎರಡನೇ ಪಕ್ಕೆಲುಬು, ಅದರ ಕೆಳಗೆ ಪಕ್ಕೆಲುಬುಗಳ ನಡುವಿನ ಎರಡನೇ ಸಂದು. ಅಲ್ಲಿಂದ ಎಣಿಸಿ ನಾಲ್ಕನೇ ಸಂದಿಗೆ ಬನ್ನಿ: ಮೂಳೆಯ ಬಲಕ್ಕೆ (ರೋಗಿಯ ಬಲ) ವಿ1, ಎಡಕ್ಕೆ ವಿ2. ಹೆಂಗಸರಿಗೆ ವಿ4 ಸ್ತನದ ಅಡಿಗೆ ಬರಬೇಕು. ಮನೆಯ ಹೆಣ್ಣುಮಕ್ಕಳೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸೆರಗು ಹೊದಿಸಿಯೇ ಮಾಡಬಹುದು. ಪಟ್ಟಿಯಲ್ಲಿ ಹನ್ನೆರಡು ಲೀಡ್, ಅಂದರೆ ಬೇರೆ ಬೇರೆ ಕೋನದಿಂದ ಹೃದಯ ತೋರಿಸುವ ಗೆರೆಗಳಿರುತ್ತವೆ. ಅದರಲ್ಲಿ ಲೀಡ್ 1 ಪೂರ್ತಿ ತಲೆಕೆಳಗಾಗಿ ಎವಿಆರ್ ಲೀಡ್ ಮೇಲೆದ್ದಿದ್ದರೆ, ಎಡಗೈ ಬಲಗೈ ವೈರು ಅದಲುಬದಲಾಗಿದೆಯಾ ಅಂತ ಮೊದಲು ನೋಡಿ.

ಪಟ್ಟಿಯನ್ನು ಗಟ್ಟಿ ರಟ್ಟಿನ ಮೇಲೆ ಹರಡಿ, ಫ್ಲ್ಯಾಶ್ ಆರಿಸಿ, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಹನ್ನೆರಡೂ ಲೀಡ್ ಒಂದೇ ಚಿತ್ರದಲ್ಲಿರಲಿ, ಹೆಸರು ಬೇಡ. ಜೊತೆಗೆ ಬರೆಯುವುದು ಇಷ್ಟು:

"ಗಂಡಸು, 58, ತೂಕ 64. ನೋವು 6:20ರಿಂದ, ಇಸಿಜಿ 7:05. ಬಿಪಿ 130/80, ನಾಡಿ 88, ಆಕ್ಸಿಜನ್ 96. ಶುಗರ್ ಇದೆ. ಸ್ಟ್ರೋಕ್, ಆಪರೇಷನ್, ರಕ್ತಸ್ರಾವ ಆಗಿಲ್ಲ."

ಇದರಲ್ಲಿ ಒಂದೂ ಬಿಡುವಂತಿಲ್ಲ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುವುದು ತೂಕ ನೋಡಿ. 60ರಿಂದ 70 ಕಿಲೋ ಒಳಗಿದ್ದರೆ 35 ಮಿ.ಗ್ರಾಂ, 75 ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಅರ್ಧ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಕೊಡುವಂತೆಯೇ ಇಲ್ಲ. ನೋವು ಶುರುವಾದ ಹೊತ್ತು "ಬೆಳಿಗ್ಗೆಯಿಂದ" ಅಂದರೆ ಸಾಲದು. ಹಾಲು ಕರೆಯುವ ಮೊದಲೋ, ತಿಂಡಿ ಆದ ಮೇಲೋ ಅಂತ ಕೆದಕಿ ಕೇಳಿದರೆ ಗಂಟೆ ಸಿಗುತ್ತದೆ.

ಡೇಟಾ ಇಲ್ಲದಿದ್ದರೆ ಬರೀ ಕರೆಯೂ ಸಾಕು. "ಲೀಡ್ 2, 3, ಎವಿಎಫ್‌ನಲ್ಲಿ ಎಸ್‌ಟಿ ಎರಡು ಸಣ್ಣ ಚೌಕ ಮೇಲೆ" ಅಂತ ಓದಿ ಹೇಳಿ. ಡಾಕ್ಟರು ಹೇಳಿದರೆ ಆಸ್ಪಿರಿನ್ 325 ಮಿ.ಗ್ರಾಂ ಜಗಿಸಿ, ಇಡಿಯಾಗಿ ನುಂಗಿಸಬೇಡಿ. ನಾಲಿಗೆ ಅಡಿ ಇಡುವ, ರಕ್ತನಾಳ ಸಡಿಲಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ಮಾತ್ರ ಕೇಳದೆ ಕೊಡಲೇಬೇಡಿ: ಮೇಲಿನ ಬಿಪಿ 90ಕ್ಕಿಂತ ಕಡಿಮೆಯಿದ್ದರೆ, ಅಥವಾ 2, 3, ಎವಿಎಫ್‌ನಲ್ಲಿ ಬದಲಾವಣೆಯಿದ್ದು ಬಲ ಹೃತ್ಕುಕ್ಷಿಗೂ (ಹೃದಯದ ಬಲ ಕೆಳಕೋಣೆಗೂ) ಪೆಟ್ಟಾಗಿದ್ದರೆ ಬಿಪಿ ಒಮ್ಮೆಲೇ ಕುಸಿಯುತ್ತದೆ. ಆಕ್ಸಿಜನ್ 90ರ ಮೇಲಿದ್ದರೆ ಮಾಸ್ಕ್ ಬೇಡ.

ಎಲ್ಲಿಗೆ ಒಯ್ಯಬೇಕು ಅನ್ನುವುದನ್ನೂ ಆಗಲೇ ಕೇಳಿ. ಹತ್ತಿರದ ಪಿಎಚ್‌ಸಿಗೆ ನುಗ್ಗಿ ಅಲ್ಲಿಂದ ಮತ್ತೆ ರೆಫರ್ ಆದರೆ ಹೊತ್ತು ಹಾಳು. 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಕಟ್ಟಿದ ರಕ್ತನಾಳ ತೆರೆಯುವ ಚಿಕಿತ್ಸೆ) ಸಿಗುವಂತಿದ್ದರೆ ನೇರ ಅಲ್ಲಿಗೆ. ಇಲ್ಲವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇರುವ ತಾಲ್ಲೂಕು ಆಸ್ಪತ್ರೆಗೆ. ಅಲ್ಲಿಗೆ ಮುಂಚೆಯೇ ಫೋನ್ ಹೋಗಿರಲಿ.

ಮೊದಲ ಇಸಿಜಿ ಸರಿಯಾಗಿದ್ದು ನೋವು ನಿಲ್ಲದಿದ್ದರೆ, 15 ನಿಮಿಷಕ್ಕೆ ಗಾಡಿ ಬದಿಗೆ ನಿಲ್ಲಿಸಿ ಮತ್ತೊಂದು ತೆಗೆಯಿರಿ. ಎಲ್ಲ ಪಟ್ಟಿಗಳ ಮೇಲೂ ಪೆನ್ನಿನಲ್ಲಿ ಸಮಯ ಬರೆದು ಡ್ಯೂಟಿ ಡಾಕ್ಟರ ಕೈಗೇ ಕೊಡಿ.