ಬ್ರಿಟನ್ನಿನ ಮನೆಯಲ್ಲಿ ರೇಡಿಯೇಟರ್ ಜಾಗ ಬದಲಿಸುವ ಮುನ್ನ

ಮೊನ್ನೆ ಸೋಮವಾರಪೇಟೆಯಲ್ಲಿ ಮಳೆ ಹಿಡಿದು ಕೂತಿದ್ದಾಗ ಅಕ್ಕನ ಮಗ ಇಂಗ್ಲೆಂಡಿನಿಂದ ಫೋನ್ ಮಾಡಿದ. "ಮಾವ, ಮಗುವಿನ ಮಂಚ ಹಾಕೋಕೆ ರೇಡಿಯೇಟರ್ ಅಡ್ಡ ಬರ್ತಿದೆ. ಎದುರು ಗೋಡೆಗೆ ಹಾಕಬೇಕು. ನೀರು ಖಾಲಿ ಮಾಡೋದು ಹೇಗೆ?" ನಾನು ಅಲ್ಲಿ 11 ವರ್ಷ ಇದ್ದು ಬಂದವನು. ಅವನಿಗೆ ಹೇಳಿದ್ದು ಅಲ್ಲಿರುವ ನಮ್ಮ ಕೊಡಗಿನ ಉಳಿದವರಿಗೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಿಸಿನೀರು ಅಂದರೆ ಬಚ್ಚಲುಮನೆಯ ಹಂಡೆ, ಅದರಡಿ ತೋಟದ ಸೌದೆ. ಮೊಗೆದಷ್ಟೂ ಖಾಲಿ, ಮತ್ತೆ ತುಂಬಬೇಕು. ಅಲ್ಲಿಯ ಹೀಟಿಂಗ್ ಹಾಗಲ್ಲ. ಕೋಣೆ ಬೆಚ್ಚಗಿಡಲು ಗೋಡೆಗೆ ಹಾಕಿದ ಲೋಹದ ಹಲಗೆಯಂಥದ್ದೇ ರೇಡಿಯೇಟರ್. ಬಾಯ್ಲರ್ ಕಾಯಿಸಿದ ನೀರನ್ನು ಪಂಪು ಎಲ್ಲ ರೇಡಿಯೇಟರುಗಳಿಗೂ ಸುತ್ತಿಸಿ ವಾಪಸ್ ತರುತ್ತದೆ. ವರ್ಷಗಟ್ಟಲೆ ಅದೇ ನೀರು. ಒಳಗಿನ ತುಕ್ಕಿನಿಂದ ಕಪ್ಪಗಾಗಿರುತ್ತದೆ. ಕಾರ್ಪೆಟ್ಟಿಗೆ ಬಿದ್ದರೆ ಆ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಬರೀ ಗೋಡೆಗೆ ಬಣ್ಣ ಹೊಡೆಯಬೇಕಾದರೆ ಇಡೀ ಮನೆಯ ನೀರು ತೆಗೆಯಬೇಡಿ. ಆ ರೇಡಿಯೇಟರಿನ ಎರಡೂ ಬದಿಯ ವಾಲ್ವ್ ಮುಚ್ಚಿ ಅದೊಂದನ್ನೇ ಇಳಿಸಬಹುದು. ಜಾಗವೇ ಬದಲಾದರೆ ಪೈಪು ಕತ್ತರಿಸಬೇಕು, ಆಗ ಮಾತ್ರ ಖಾಲಿ ಮಾಡಬೇಕು. ಬಾಡಿಗೆ ಮನೆಯಾದರೆ ಮೊದಲು ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಬಾಯ್ಲರಿನ ಗ್ಯಾಸ್ ಭಾಗಕ್ಕಂತೂ ಕೈ ಹಾಕಲೇಬೇಡಿ. 2009ರಿಂದ ಆ ಕೆಲಸ ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನೋ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಲ್ಲಿ ಹೆಸರಿರುವವರದ್ದು.

ನಿಮ್ಮದು ಯಾವ ಬಗೆ ಅಂತ ನೋಡಿಕೊಳ್ಳಿ. ಬಾಯ್ಲರಿನ ಹತ್ತಿರ ಪ್ರೆಶರ್ ತೋರಿಸುವ ಮುಳ್ಳು ಅಥವಾ ಅಂಕಿ ಇದ್ದರೆ ಅದು ಮುಚ್ಚಿದ ಬಗೆ. ಹಳೇ ಮನೆಗಳಲ್ಲಿ ಅಟ್ಟದ ಮೇಲೆ ತೊಟ್ಟಿ ಇರುತ್ತದೆ. ಎರಡಿದ್ದರೆ ಸಾಮಾನ್ಯವಾಗಿ ಚಿಕ್ಕದು ಹೀಟಿಂಗಿನದು. ಅದಕ್ಕೆ ನಮ್ಮ ಓವರ್‌ಹೆಡ್ ಟ್ಯಾಂಕಿನ ಥರವೇ ಬಾಲ್ ವಾಲ್ವ್ ಇದೆ. ತೊಟ್ಟಿಯ ಮೇಲೆ ಅಡ್ಡ ಒಂದು ಕೋಲಿಟ್ಟು ಆ ವಾಲ್ವಿನ ತೋಳನ್ನು ಮೇಲಕ್ಕೆ ಕಟ್ಟಿ. ಇಲ್ಲದಿದ್ದರೆ ನೀವು ಕೆಳಗೆ ಬಿಟ್ಟಷ್ಟೂ ಮೇಲೆ ತುಂಬುತ್ತಲೇ ಇರುತ್ತದೆ.

ಬಾಯ್ಲರಿನ ಸ್ವಿಚ್ ಆರಿಸಿ ರಾತ್ರಿಯಿಡೀ ಆರಲು ಬಿಡಿ. ಬೆಳಿಗ್ಗೆ ಎಲ್ಲ ರೇಡಿಯೇಟರ್ ವಾಲ್ವ್ ತೆರೆದಿಟ್ಟು, ಕೆಳಮಹಡಿಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಡ್ರೈನ್ ಕಾಕ್, ಅಂದರೆ ನೀರು ಹೊರಬಿಡುವ ಪುಟ್ಟ ನಲ್ಲಿ, ಹುಡುಕಿ. ತೋಟದ ಹೋಸ್ ಪೈಪನ್ನು ಕ್ಲಿಪ್ ಹಾಕಿ ಬಿಗಿಯಿರಿ. ಇನ್ನೊಂದು ತುದಿ ಅದಕ್ಕಿಂತ ತಗ್ಗಿನಲ್ಲಿ, ಅಡುಗೆಮನೆ ಕೊಳೆನೀರು ಹೋಗುವ ಚರಂಡಿಗೇ ಇರಲಿ. ಮಳೆನೀರಿನ ಮೋರಿ ಹೆಚ್ಚಾಗಿ ತೊರೆ, ಹೊಳೆ ಸೇರುತ್ತದೆ. ಹೀಟಿಂಗಿನ ನೀರಿನಲ್ಲಿ ಸಾಮಾನ್ಯವಾಗಿ ತುಕ್ಕು ತಡೆಯುವ ರಾಸಾಯನಿಕ (ಇನ್ಹಿಬಿಟರ್) ಇರುತ್ತದೆ, ಅದಕ್ಕೇ ಅಲ್ಲಿಗೆ ಬಿಡಬೇಡಿ.

ಸ್ಪ್ಯಾನರಿನಿಂದ ಕಾಕ್ ತಿರುಗಿಸಿದರೆ ಮೊದಲು ರಭಸವಾಗಿ ಬರುತ್ತದೆ. ಸ್ವಲ್ಪ ಹೊತ್ತಿಗೆ ನಿಂತೇಹೋಗುತ್ತದೆ. ಖಾಲಿಯಾಯಿತು ಅಂದುಕೊಂಡು ಮೋಸ ಹೋಗುವುದು ಇಲ್ಲೇ. ಗುಡ್ಡದ ಮೇಲಿನ ತೊಟ್ಟಿಯಿಂದ ತೋಟಕ್ಕೆ ಪೈಪು ಎಳೆದವರಿಗೆ ಗೊತ್ತಲ್ವಾ, ಒಳಗಿನ ಗಾಳಿ ಹೊರಗೆ ಹೋಗದೆ ನೀರು ಬರುವುದಿಲ್ಲ. ಇಲ್ಲಿ ಅದರ ತಿರುಗುಮುರುಗು. ಗಾಳಿ ಒಳಗೆ ಬಾರದೆ ನೀರು ಇಳಿಯುವುದಿಲ್ಲ. ಪ್ರೆಶರ್ ಸೊನ್ನೆಗೆ ಬಂದ ಮೇಲೆ ಮೇಲ್ಮಹಡಿಯ ರೇಡಿಯೇಟರುಗಳ ಮೂಲೆಯ ಪುಟ್ಟ ಬ್ಲೀಡ್ ಸ್ಕ್ರೂವನ್ನು ಕೀಲಿ ಹಾಕಿ ಸಡಿಲಿಸಿ. ಸುಯ್ ಅಂತ ಗಾಳಿ ಎಳೆದುಕೊಳ್ಳುವ ಸದ್ದು ಕೇಳುತ್ತದೆ. ಅದೇ ಹೊತ್ತಿಗೆ ಹೊರಗೆ ಹೋಸಿನ ತುದಿಯಲ್ಲಿ ನೀರು ಮತ್ತೆ ಹರಿಯುತ್ತದೆ. ಆಮೇಲೆ ಕೆಳಮಹಡಿಯವು.

ಹೋಸ್ ನಿಂತ ಮೇಲೂ ರೇಡಿಯೇಟರಿನ ತಳದಲ್ಲಿ ಒಂದಿಷ್ಟು ಕಪ್ಪು ನೀರು ಉಳಿದಿರುತ್ತದೆ. ನಟ್ಟಿನ ಕೆಳಗೆ ಟ್ರೇ, ಸುತ್ತ ಹಳೇ ಟವೆಲ್ ಹಾಸಿಯೇ ಬಿಚ್ಚಿ. ಎತ್ತಲು ಇಬ್ಬರು ಬೇಕು. ಹೊಸ ಜಾಗಕ್ಕೆ ನೆಲದಡಿ ಪೈಪು ಎಳೆಯುವುದನ್ನು ಮಾತ್ರ ಪ್ಲಂಬರಿಗೆ ಬಿಡಿ. ಹಲಗೆಯಡಿ ಸೋರಿದರೆ ಕೆಳಗಿನ ಸೀಲಿಂಗ್ ನೆನೆದ ಮೇಲೇ ಗೊತ್ತಾಗುವುದು.

ತುಂಬುವಾಗ ಬ್ಲೀಡ್ ಸ್ಕ್ರೂ, ಡ್ರೈನ್ ಕಾಕ್ ಎಲ್ಲ ಮುಚ್ಚಿ. ಅಟ್ಟದ ತೊಟ್ಟಿಯ ಬಗೆಯಾದರೆ ಕಟ್ಟಿದ ತೋಳನ್ನು ಬಿಚ್ಚಿ. ಮುಚ್ಚಿದ ಬಗೆಯಾದರೆ ಫಿಲ್ಲಿಂಗ್ ಲೂಪ್, ಅಂದರೆ ಹೊಸ ನೀರು ತುಂಬುವ ಪೈಪಿನ ವಾಲ್ವ್, ನಿಧಾನಕ್ಕೆ ತೆರೆಯಿರಿ. ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಪ್ರೆಶರ್ ಸಾಕು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ರೇಡಿಯೇಟರಿನ ಗಾಳಿ ಬಿಡಿ. ಪ್ರೆಶರ್ ಇಳಿದರೆ ಮತ್ತೆ ತುಂಬಿ, ಲೂಪ್ ಮುಚ್ಚಿ. ಹೊಸ ನೀರಿಗೆ ಇನ್ಹಿಬಿಟರ್ ಹಾಕುವುದು ಮರೆಯಬೇಡಿ. ಆಮೇಲಷ್ಟೇ ಬಾಯ್ಲರ್ ಹಚ್ಚಿ. ರಾತ್ರಿ ಮಲಗುವ ಮುಂಚೆ ಹೊಸ ಜಾಯಿಂಟುಗಳಿಗೆ ಒಣ ಟಿಶ್ಯೂ ಸುತ್ತಿಡಿ. ಬೆಳಿಗ್ಗೆ ಎದ್ದ ತಕ್ಷಣ ಅದನ್ನು ಮುಟ್ಟಿ ನೋಡಿ.